ಬೊಜ್ಜ ಮುಗಿದ ಮರುದಿನ

(ಜನವರಿಯ ಒಂದು ಶುಕ್ರವಾರ ಸಂಜೆ, ಉಡುಪಿಯಲ್ಲಿ ಹಿರಿಯ ನಾಗರಿಕರ ಕೂಟವೊಂದರಲ್ಲಿ ಆಡಿದ ಮಾತು. ಬರೆದುಕೊಡಿ ಅಂತ ಕೆಲವರು ಕೇಳಿದರು. ಅಲ್ಲಿ ಗಡಿಬಿಡಿಯಲ್ಲಿ ಹೇಳಿದ್ದನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.)

ಚಳಿಗಾಲದಲ್ಲಿ ಮನೆಗೆ ಬರುವ ಸಾವು, ಅದರ ಬೆನ್ನಿಗೇ ಸಾಲುಗಟ್ಟಿ ಬರುವ ತಾಪತ್ರಯ, ಇದರ ಬಗ್ಗೆ ಮಾತಾಡಿ ಅಂತ ಕಾರ್ಯದರ್ಶಿಯವರು ಫೋನ್ ಮಾಡಿದರು. ನಾನು ಕೇಳಿದೆ: "ಚಳಿ ಎಲ್ಲಿ ಉಂಟು ಮಾರಾಯ್ರೆ ನಮ್ಮೂರಲ್ಲಿ?" ಜನವರಿಯ ಮಧ್ಯಾಹ್ನ 33 ಡಿಗ್ರಿ ಬಿಸಿಲು. ಬೆಳಗಿನ ಜಾವ 20, 21ಕ್ಕೆ ಇಳಿದರೆ ಸಾಕು, ನಾವು ಕಿವಿಗೆ ಮಫ್ಲರ್ ಸುತ್ತಿಕೊಂಡು ಹಾಲು ತರಲಿಕ್ಕೆ ಹೊರಡುತ್ತೇವೆ. ಮೂಡಣ ಗಾಳಿಗೆ ತುಟಿ ಒಡೆಯುತ್ತದೆ, ಮೊಣಕಾಲು ನೋಯುತ್ತದೆ. ಯುರೋಪಿನವರು ಚಳಿಗಾಲದ ದುಃಖದ ಬಗ್ಗೆ ಬರೆಯುವಾಗ ಹಿಮ, ಕತ್ತಲು, ನಾಲ್ಕು ಗಂಟೆಗೇ ಮುಳುಗುವ ಸೂರ್ಯ ಅಂತ ಬರೆಯುತ್ತಾರೆ. ನಮ್ಮಲ್ಲಿ ಜೂನ್ ತಿಂಗಳ ದೊಡ್ಡ ಹಗಲಿಗೂ ಡಿಸೆಂಬರಿನ ಚಿಕ್ಕ ಹಗಲಿಗೂ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ. ಕತ್ತಲೆಯನ್ನು ದೂರುವ ಹಾಗೇ ಇಲ್ಲ.

ಆದರೆ ಕರಾವಳಿಯ ಚಳಿಗಾಲಕ್ಕೆ ಬೇರೆ ಒಂದು ಗುಣ ಉಂಟು. ಇದು ಗೌಜಿಯ ಕಾಲ. ಆಟಿ ತಿಂಗಳ ಮಳೆಯಲ್ಲಿ ಒಂದು ಮನೆಯಲ್ಲಿ ಸಾವಾದರೆ ಇಡೀ ಊರೇ ಆ ಮನೆಯ ಹಾಗೆ ಇರುತ್ತದೆ. ಯಾರ ಮನೆಯಲ್ಲೂ ಶುಭಕಾರ್ಯ ಇಲ್ಲ, ಎಲ್ಲರೂ ಒಳಗೇ ಕೂತಿರುತ್ತಾರೆ. ದೀಪಾವಳಿ ಕಳೆದ ಮೇಲೆ ಹಾಗಲ್ಲ. ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟರೆ ಮೇ ಕೊನೆಯ ಪತ್ತನಾಜೆಯವರೆಗೆ ನಿಲ್ಲುವುದಿಲ್ಲ. ದೈವಗಳ ಕೋಲ, ನೇಮ, ಕಂಬಳ, ಮದುವೆ, ಗೃಹಪ್ರವೇಶ, ಶಾಲೆಯ ವಾರ್ಷಿಕೋತ್ಸವ, ಕ್ರಿಸ್‌ಮಸ್, ಅತ್ತೂರು ಜಾತ್ರೆ. ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಕೃಷ್ಣ ಮಠದ ಪರ್ಯಾಯ ಬೇರೆ. ಬೊಂಬಾಯಿಯವರು, ಗಲ್ಫಿನವರು ಊರಿಗೆ ಬಂದಿರುತ್ತಾರೆ. ಇದರ ಮಧ್ಯೆ ಸಾವಾದ ಮನೆಯ ಗತಿ ನೋಡಿ. ಅವರು ಎಲ್ಲಿಗೂ ಹೋಗುವ ಹಾಗಿಲ್ಲ. ಆದರೆ ಗದ್ದೆಯಾಚೆಯ ಚೆಂಡೆ ರಾತ್ರಿ ಎರಡು ಗಂಟೆಗೂ ಕೇಳುತ್ತದೆ. ಮದುವೆ ಕಾಗದಗಳು ಬರುತ್ತಲೇ ಇರುತ್ತವೆ, ಅದೂ ತೀರಿಹೋದವರ ಹೆಸರಿಗೆ. ಕಾಗದ ಹಂಚುವವರ ಪುಸ್ತಕದಲ್ಲಿ ಹಳೇ ಪಟ್ಟಿ ಇರುತ್ತದೆ ನೋಡಿ, ಯಾರೂ ತಿದ್ದಿರುವುದಿಲ್ಲ. ಆ ಕಾಗದವನ್ನು ಎಲ್ಲಿ ಇಡುವುದು ಅಂತ ಗೊತ್ತಾಗದೆ ಟಿವಿ ಮೇಲೆ ಇಟ್ಟ ಮನೆಗಳನ್ನು ನಾನು ನೋಡಿದ್ದೇನೆ.

ನನ್ನ ಪರಿಚಯ ಇಲ್ಲದವರಿಗೆ ಒಂದು ಮಾತು. ನಾನು ವೈದ್ಯೆ ಅಲ್ಲ, ಆಪ್ತ ಸಮಾಲೋಚಕಿಯೂ ಅಲ್ಲ. ಬ್ಯಾಂಕಿನಲ್ಲಿದ್ದು ನಿವೃತ್ತಿ ಆದವಳು. ಕೊನೆಯ ಹಲವು ವರ್ಷ ನನ್ನ ಮೇಜಿಗೆ ಬರುತ್ತಿದ್ದದ್ದು ಮೃತರ ಖಾತೆಯ ಕೆಲಸ. ಅಪ್ಪನ ಠೇವಣಿ, ಗಂಡನ ಎಸ್‌ಬಿ ಖಾತೆ, ಅಮ್ಮನ ಲಾಕರ್. ಹಾಗಾಗಿ ಬೊಜ್ಜ, ಅಂದರೆ ಉತ್ತರಕ್ರಿಯೆ, ಮುಗಿಸಿದ ಕುಟುಂಬಗಳನ್ನು ನಾನು ಜಾಸ್ತಿ ನೋಡಿದ್ದೇನೆ. ಬೊಜ್ಜದ ದಿನ ಮನೆ ತುಂಬ ಜನ. ಬ್ಯಾಂಕಿಗೆ ಬರುವಾಗ ಒಬ್ಬರೇ, ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು.

ಆ ಮೇಜಿನಲ್ಲಿ ಕೂತು ಕಂಡ ಒಂದು ವಿಷಯ ಹೇಳುತ್ತೇನೆ. ಅಳುವವರು ತುಂಬಾ ಕಡಿಮೆ. ಜಗಳ ಮಾಡುವವರು ಜಾಸ್ತಿ. ಒಬ್ಬರು ಬಂದಿದ್ದರು, ಅರವತ್ತರ ಹತ್ತಿರದವರು, ತಾಯಿ ತೀರಿ ತಿಂಗಳಾಗಿತ್ತು. ಫಾರ್ಮ್ ತುಂಬಲಿಕ್ಕೆ ಕೌಂಟರಿನ ಪೆನ್ನು ತೆಗೆದರೆ ದಾರ ಮಾತ್ರ ಉಂಟು, ಪೆನ್ನು ಇಲ್ಲ. ಅಷ್ಟಕ್ಕೇ ಶುರು. "ಲಕ್ಷ ಲಕ್ಷ ಇಟ್ಟುಕೊಳ್ಳಲಿಕ್ಕೆ ಆಗುತ್ತದೆ ನಿಮಗೆ, ಮೂರು ರೂಪಾಯಿಯ ಪೆನ್ನು ಇಡಲಿಕ್ಕೆ ಆಗುವುದಿಲ್ಲವಾ?" ಇಡೀ ಶಾಖೆ ತಿರುಗಿ ನೋಡಿತು. ನಮ್ಮ ಹಿರಿಯ ಗುಮಾಸ್ತರೊಬ್ಬರು ಎದ್ದು ಬಂದು, ಒಂದು ಮಾತೂ ಆಡದೆ ಕುರ್ಚಿ ಎಳೆದು ಕೊಟ್ಟರು. ಫಾರ್ಮ್ ತಾವೇ ತುಂಬಲಿಕ್ಕೆ ಕೂತರು. ತಾಯಿಯ ಹೆಸರು, ಹುಟ್ಟಿದ ಇಸವಿ, ತೀರಿದ ತಾರೀಕು, ಒಂದೊಂದಾಗಿ ಕೇಳುತ್ತಾ ಬರೆದರು. ಅರ್ಧ ಗಂಟೆಯ ಮೇಲೆ ಆ ಮನುಷ್ಯ ಮೆತ್ತಗೆ ಹೇಳಿದರು, "ಬೆಳಿಗ್ಗೆ ಸ್ಕೂಟರ್ ಸ್ಟಾರ್ಟ್ ಆಗಲಿಲ್ಲ. ಮೊನ್ನೆ ಫ್ರಿಜ್ಜು ಹೋಯಿತು. ಈಗ ಈ ಪೆನ್ನು."

ಅವರು ತಾಯಿಯ ಸಾವಿನ ಮಾತು ಎತ್ತಲಿಲ್ಲ. ಸ್ಕೂಟರ್, ಫ್ರಿಜ್ಜು, ಪೆನ್ನು. ನಾನು ಇವತ್ತು ಹೇಳಬೇಕೆಂದಿರುವುದು ಇದನ್ನೇ. ದೊಡ್ಡ ದುಃಖವನ್ನು ಮನುಷ್ಯ ಹೇಗೋ ಹೊರುತ್ತಾನೆ. ಅದಕ್ಕೆ ಹೆಗಲು ಕೊಡಲಿಕ್ಕೆ ಊರೇ ಬರುತ್ತದೆ, ಪುರೋಹಿತರು, ಪಾದ್ರಿಗಳು, ಗುರಿಕಾರರು ಎಲ್ಲ ಇದ್ದಾರೆ. ಅದರ ಹಿಂದೆ ಬರುವ ಸಣ್ಣ ಸಣ್ಣ ತಾಪತ್ರಯಕ್ಕೆ ಯಾರೂ ಇಲ್ಲ. ಆಗಲೇ ಜನ ಕುಸಿಯುವುದು.

ಇದು ನನ್ನೊಬ್ಬಳ ಊಹೆ ಅಲ್ಲ. 1967ರಲ್ಲಿ ಅಮೆರಿಕದ ಇಬ್ಬರು ಮನೋವೈದ್ಯರು, ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ ಅಂತ, ಬದುಕಿನ ಏರುಪೇರುಗಳಿಗೆ ಅಂಕ ಕೊಟ್ಟು ಒಂದು ಪಟ್ಟಿ ಮಾಡಿದರು. ಒಟ್ಟು 43 ಸಂಗತಿ. ಗಂಡ ಅಥವಾ ಹೆಂಡತಿಯ ಸಾವಿಗೆ 100, ಹತ್ತಿರದ ಬಂಧುವಿನ ಸಾವಿಗೆ 63. ಹೀಗೆ ಇಳಿಯುತ್ತಾ ನಿದ್ದೆಯ ಕ್ರಮ ತಪ್ಪಿದರೆ 16, ಕ್ರಿಸ್‌ಮಸ್ ಹಬ್ಬಕ್ಕೂ 12! ಹಬ್ಬವೂ ಭಾರವೇ ಅಂತ ಅವರಿಗೆ ಗೊತ್ತಿತ್ತು. ನಮ್ಮ ಕಡೆಯವರು ಪಟ್ಟಿ ಮಾಡಿದ್ದರೆ ಮನೆಯಲ್ಲಿ ನೇಮ ಇಟ್ಟುಕೊಂಡವರಿಗೆ ಎಷ್ಟು ಕೊಡಬೇಕಿತ್ತೋ. ಆಮೇಲೆ 1981ರಲ್ಲಿ ರಿಚರ್ಡ್ ಲಜಾರಸ್ ಮತ್ತು ಅವರ ಜೊತೆಗಾರರು ಬೇರೆ ರೀತಿ ನೋಡಿದರು. ನಡುವಯಸ್ಸಿನ ನೂರು ಮಂದಿಯನ್ನು ತಿಂಗಳು ತಿಂಗಳು ವಿಚಾರಿಸಿದರು. ದೊಡ್ಡ ಘಟನೆ ಎಷ್ಟು, ದಿನನಿತ್ಯದ ಕಿರಿಕಿರಿ ಎಷ್ಟು, ಮನಸ್ಸಿನ ಆರೋಗ್ಯ ಹೇಗಿದೆ ಅಂತ. ಮನಸ್ಸು ಕೆಡುವುದನ್ನು ದೊಡ್ಡ ಘಟನೆಗಳಿಗಿಂತ ಕಿರಿಕಿರಿಗಳ ಲೆಕ್ಕವೇ ಚೆನ್ನಾಗಿ ಹೇಳುತ್ತಿತ್ತು. ನಮ್ಮ ಗುಮಾಸ್ತರಿಗೆ ಇದು ಯಾವುದೂ ಗೊತ್ತಿರಲಿಲ್ಲ. ಕುರ್ಚಿ ಎಳೆದು ಕೊಟ್ಟರು, ಅಷ್ಟೇ.

ನನ್ನ ಮನೆಯ ಕಥೆಯನ್ನೂ ಸ್ವಲ್ಪ ಹೇಳುತ್ತೇನೆ. ನನ್ನ ತಂಗಿ ತೀರಿಕೊಂಡದ್ದು ದೀಪಾವಳಿ ಕಳೆದ ಸ್ವಲ್ಪ ದಿನಕ್ಕೆ. ಕಾಯಿಲೆ ಇತ್ತು, ಗೊತ್ತಿತ್ತು. ಆದರೂ ಗೊತ್ತಿರುವುದು ಬೇರೆ, ಆಗುವುದು ಬೇರೆ. ಆ ವಾರವೇ ಬಾವಿಯ ಪಂಪ್ ನಿಂತಿತು. ಮೆಕ್ಯಾನಿಕ್ ಬಂದು ಹಗ್ಗ ಕಟ್ಟಿ ಮೋಟಾರ್ ಮೇಲೆ ಎಳೆದ. ಅಂಗಳದಲ್ಲಿ ಮಲಗಿಸಿ, ಬಿಚ್ಚಿ, ಮೂಸಿ ನೋಡಿ ಹೇಳಿದ: "ಕಾಯಿಲ್ ಸುಟ್ಟಿದೆ ಅಕ್ಕ. ರಿವೈಂಡಿಂಗ್‌ಗೆ ಕೊಡಬೇಕು. ನಾಲ್ಕು ದಿನ ಆಗ್ತದೆ." ಮನೆಯಲ್ಲಿ ಬಂದು ಹೋಗುವ ಜನ, ಬಚ್ಚಲಲ್ಲಿ ನೀರಿಲ್ಲ. ರಾಟೆಗೆ ಹಗ್ಗ ಹಾಕುವ ಅಂತ ಹೋದರೆ ಹಗ್ಗ ಕುಂಬಾಗಿದೆ, ಕೊಡಪಾನ ತೂತು. ಅದೇ ದಿನ ಮಂಗಗಳು ಬಂದು ಅಡುಗೆಮನೆಯ ಮೇಲಿನ ಹಂಚು ಒಡೆದವು. ಅಮ್ಮ ಬಚ್ಚಲಲ್ಲಿ ಜಾರಿದರು. ಮೂಳೆ ಮುರಿಯಲಿಲ್ಲ, ಆದರೆ ಕೂತಲ್ಲಿಂದ ಏಳಲಿಕ್ಕೆ ಆಗುತ್ತಿರಲಿಲ್ಲ. ಆ ಹೊತ್ತಿಗೆ ಪಕ್ಕದ ಮನೆಯ ಹುಡುಗ, ಪಿಯುಸಿ ಓದುವವನು, ಎರಡು ಕೊಡಪಾನ ಹಿಡಿದುಕೊಂಡು ಬಂದ. "ಆಂಟಿ, ಮೋಟಾರ್ ಬರುವ ತನಕ ಬೆಳಿಗ್ಗೆ ನೀರು ನನ್ನದು" ಅಂದ. ಸಂತಾಪದ ಮಾತು ಅವನಿಗೆ ಬರಲಿಲ್ಲ, ಅವನ ವಯಸ್ಸಿಗೆ ಅದು ಬೇಕಾಗಿಯೂ ಇಲ್ಲ. ಶಾಲಾ ಚೀಲ ಮೆಟ್ಟಿಲ ಮೇಲೆ ಇಟ್ಟು ಹಂಡೆ ತುಂಬಿಸಿ ಹೋಗುತ್ತಿದ್ದ.

ನಮ್ಮ ಊರಿನ ಕ್ರಮಗಳ ಬಗ್ಗೆ ನನಗೆ ಗೌರವ ಉಂಟು. ಸೂತಕ ಅಂದರೆ ಕೆಲವರಿಗೆ ಈಗ ತಮಾಷೆ. ಆದರೆ ಯೋಚಿಸಿ ನೋಡಿ. ಮೊದಲ ದಿನ ಒಲೆ ಹಚ್ಚಬೇಡಿ, ನೆರೆಯವರು ಗಂಜಿ, ಚಟ್ನಿ ತರುತ್ತಾರೆ. ಕೆಲಸಕ್ಕೆ ಹೋಗಬೇಡಿ. ಯಾರ ಮನೆಗೂ ಹೋಗಿ ನಗುಮುಖ ಮಾಡಬೇಡಿ. ಇಂಥ ರಜೆಯನ್ನು ಯಾವ ಕಂಪನಿ ಕೊಡುತ್ತದೆ? ಕೆಲವರಲ್ಲಿ ಹತ್ತು, ಕೆಲವರಲ್ಲಿ ಹದಿಮೂರು, ಕೆಲವರಲ್ಲಿ ಹದಿನಾರು ದಿನ. ಕ್ರೈಸ್ತರಲ್ಲಿ ತಿಂಗಳ ಪೂಜೆ. ಗಂಡ ತೀರಿದ ಮುಸ್ಲಿಂ ಹೆಂಗಸಿಗೆ ಇದ್ದತ್, ನಾಲ್ಕು ತಿಂಗಳು ಹತ್ತು ದಿನ. ಒಟ್ಟಿನಲ್ಲಿ, ಇಷ್ಟು ದಿನ ಇವರನ್ನು ಬಿಟ್ಟುಬಿಡಿ ಅಂತ ಎಲ್ಲರೂ ಒಂದು ಗೆರೆ ಎಳೆದಿದ್ದಾರೆ.

ತೊಂದರೆ ಇರುವುದು ಗೆರೆಯ ಆಚೆ. ಬೊಜ್ಜದ ಊಟ ಆಯಿತು. ಶಾಮಿಯಾನದವರು ಕಂಬ ಕಿತ್ತರು. ಬಾಡಿಗೆ ಪಾತ್ರೆ ಲೆಕ್ಕ ಮಾಡಿ ಟೆಂಪೋಗೆ ಹಾಕಿದರು. ಬೊಂಬಾಯಿಯ ಅಣ್ಣ ರೈಲು ಹತ್ತಿದ, ದುಬೈಯ ಮಗ ವಿಮಾನ ಹತ್ತಿದ. ಹೊರಡುವಾಗ ಎಲ್ಲರದ್ದೂ ಒಂದೇ ಮಾತು: "ಏನು ಬೇಕಾದರೂ ಹೇಳಿ, ಸಂಕೋಚ ಮಾಡಬೇಡಿ." ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಈ ಮಾತಿನಿಂದ ಕೆಲಸ ಸಾವಾದ ಮನೆಯವರ ಮೇಲೆಯೇ ಬೀಳುತ್ತದೆ. ಏನು ಬೇಕು ಅಂತ ಅವರು ಯೋಚಿಸಬೇಕು, ಯಾರಿಗೆ ಹೇಳುವುದು ಅಂತ ಹುಡುಕಬೇಕು, ಫೋನ್ ಮಾಡಬೇಕು, ಬೇಡಬೇಕು. ಯಾರೂ ಬೇಡುವುದಿಲ್ಲ. ಅದರ ಬದಲು ಆ ಹುಡುಗನ ಹಾಗೆ ಒಂದು ಕೆಲಸ ಹಿಡಿದುಕೊಳ್ಳಿ. "ತೆಂಗಿನಕಾಯಿ ಕೊಯ್ಯಿಸುವುದು ಈ ಸಲ ನಾನು ನೋಡುತ್ತೇನೆ." "ಶುಕ್ರವಾರ ಅಮ್ಮನನ್ನು ಡಾಕ್ಟರ ಹತ್ತಿರ ನಾನು ಕರೆದುಕೊಂಡು ಹೋಗುತ್ತೇನೆ." ಕೆಲಸದ ಹೆಸರು ಹೇಳಿ, ದಿನ ಹೇಳಿ. ಮತ್ತೆ ಒಂದು, ಬಿಪಿ, ಶುಗರ್ ಮಾತ್ರೆ ವಿಚಾರಿಸಿ. ಚಳಿಯಲ್ಲಿ ರಕ್ತದೊತ್ತಡ ಹೇಗೂ ಸ್ವಲ್ಪ ಏರುತ್ತದೆ. ಸಾವಿನ ಮನೆಯಲ್ಲಿ ಮಾತ್ರೆಯ ಡಬ್ಬಿಯ ನೆನಪು ಯಾರಿಗೂ ಇರುವುದಿಲ್ಲ.

ಈಗ ಕಾಗದಪತ್ರದ ವಿಷಯಕ್ಕೆ ಬರುತ್ತೇನೆ. ಇದು ಬೋರು ಅಂತ ಅನ್ನಿಸಬಹುದು. ಆದರೆ ನನ್ನ ಅನುಭವದಲ್ಲಿ ತಾಪತ್ರಯದ ಮುಕ್ಕಾಲು ಭಾಗ ಇಲ್ಲೇ ಇರುವುದು, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲು ಮರಣ ನೋಂದಣಿ. 1969ರ ಕಾಯ್ದೆ ಪ್ರಕಾರ 21 ದಿನದೊಳಗೆ ಆಗಬೇಕು. ಆಸ್ಪತ್ರೆಯಲ್ಲಿ ತೀರಿಕೊಂಡರೆ ಆಸ್ಪತ್ರೆಯವರೇ ತಿಳಿಸುತ್ತಾರೆ. ಮನೆಯಲ್ಲಿ ತೀರಿಕೊಂಡರೆ ಮನೆಯವರೇ ತಿಳಿಸಬೇಕು, ಇದನ್ನು ಮರೆಯುವವರು ತುಂಬಾ ಜನ. ಬೊಜ್ಜ ಹದಿನಾರಕ್ಕೆ ಮುಗಿಯುವಾಗ ಉಳಿಯುವುದು ಐದು ದಿನ. ತಡವಾದರೆ ದಂಡ, ಅನುಮತಿ ಅಂತ ಸುತ್ತಾಟ. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶವೇ ಬೇಕು. ಪ್ರಮಾಣಪತ್ರ ಬಂದ ಕೂಡಲೇ ಹೆಸರಿನ ಕಾಗುಣಿತ, ಇನಿಷಿಯಲ್ ಆಧಾರ್ ಜೊತೆ ಇಟ್ಟು ನೋಡಿ. ನಮ್ಮ ಕಡೆ ಒಬ್ಬರಿಗೇ ಮೂರು ಹೆಸರು: ಮನೆಯಲ್ಲಿ ಕರೆಯುವುದು ಒಂದು, ಶಾಲೆಯಲ್ಲಿ ಒಂದು, ಆರ್‌ಟಿಸಿಯಲ್ಲಿ ಒಂದು. ಆಮೇಲೆ ಏಳೆಂಟು ಪ್ರತಿ ತೆಗೆಸಿಡಿ. ಬ್ಯಾಂಕಿಗೆ, ವಿಮೆಗೆ, ಪಿಂಚಣಿಗೆ, ನಾಡಕಚೇರಿಯ ವಂಶವೃಕ್ಷಕ್ಕೆ, ಜಮೀನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆಗೆ, ಎಲ್ಲ ಕಡೆ ಕೇಳುತ್ತಾರೆ.

ಎರಡನೆಯದು ಫೋನ್. ಇದನ್ನು ದಯವಿಟ್ಟು ನೆನಪಿಡಿ. ತೀರಿಹೋದವರ ಸಿಮ್ ಕೂಡಲೇ ಬಂದ್ ಮಾಡಿಸಬೇಡಿ. ಗ್ಯಾಸ್ ಬುಕ್ಕಿಂಗ್ ಆ ನಂಬರಿನಲ್ಲಿ ಇರುತ್ತದೆ. ಕರೆಂಟು ಬಿಲ್ಲಿನ ಮೆಸೇಜ್ ಅದಕ್ಕೇ ಬರುತ್ತದೆ. ಮೊಮ್ಮಗನ ಶಾಲೆಯ ಗ್ರೂಪಿನಲ್ಲೂ ಅಜ್ಜನ ನಂಬರೇ. ಒಬ್ಬರು ಅಮ್ಮ, ಮಲ್ಪೆ ಕಡೆಯವರು, ಬ್ಯಾಂಕಿಗೆ ಬಂದು ನನ್ನ ಹತ್ತಿರ ಕೇಳಿದ್ದು ಠೇವಣಿಯ ವಿಷಯ ಅಲ್ಲ. "ದಾದ ಮಲ್ಪುನಿ (ಏನು ಮಾಡುವುದು) ಅಕ್ಕ, ಗ್ಯಾಸ್ ಬರುವುದಿಲ್ಲ ಅಂತಾರೆ, ಇವರ ಮೊಬೈಲಿಗೆ ನಂಬರ್ ಬರಬೇಕಂತೆ." ಗಂಡನ ಮೊಬೈಲಿಗೆ ರೀಚಾರ್ಜ್ ಮುಗಿದಿತ್ತು, ಒಟಿಪಿ ಬರುತ್ತಿರಲಿಲ್ಲ. ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ನಂಬರ್ ಬೇರೆ ಯಾರಿಗೋ ಹೋಗುತ್ತದೆ. ಆದ್ದರಿಂದ ಚಿಕ್ಕ ರೀಚಾರ್ಜ್ ಹಾಕಿಸಿ ಇಟ್ಟುಕೊಳ್ಳಿ. ಎಲ್ಲ ಕಡೆ ಹೊಸ ನಂಬರ್ ಕೊಟ್ಟು ಮುಗಿದ ಮೇಲೆ ಬಂದ್ ಮಾಡಿಸಿ.

ಮೂರನೆಯದು ಬ್ಯಾಂಕು. ಜಂಟಿ ಖಾತೆ ಇದ್ದು, "ಇಬ್ಬರಲ್ಲಿ ಒಬ್ಬರು ಅಥವಾ ಉಳಿದವರು" ಅಂತ ಇದ್ದರೆ ಸುಲಭ. ನಾಮಿನಿ ಇದ್ದರೆ ಅದೂ ಸುಲಭ, ದಾಖಲೆ ಸರಿಯಾಗಿ ಕೊಟ್ಟ ಮೇಲೆ 15 ದಿನದೊಳಗೆ ಇತ್ಯರ್ಥ ಮಾಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ. ಎರಡೂ ಇಲ್ಲದಿದ್ದರೆ ವಾರಸುದಾರರೆಲ್ಲರ ಸಹಿ, ಜಾಮೀನು, ಅಫಿಡವಿಟ್. ಇಲ್ಲೊಂದು ಕರಾವಳಿಯ ವಿಶೇಷ ಹೇಳಲೇಬೇಕು. ಆಸ್ತಿ ಅಕ್ಕತಂಗಿಯರ ಮಕ್ಕಳಿಗೆ ಹೋಗುತ್ತಿದ್ದ ಅಳಿಯಕಟ್ಟಿನ ವಾಸನೆ ಇನ್ನೂ ಹೋಗದ ಊರು ನಮ್ಮದು. ಮದುವೆಗೆ ಮುಂಚೆ ಖಾತೆ ತೆರೆದಾಗ ಅಕ್ಕನ ಮಗನನ್ನೋ ತಾಯಿಯನ್ನೋ ನಾಮಿನಿ ಮಾಡಿರುತ್ತಾರೆ. ಮದುವೆ ಆಗಿ ನಲವತ್ತು ವರ್ಷ ಕಳೆದರೂ ಅದೇ ಹೆಸರು. ತಾಯಿ ತೀರಿ ಎಷ್ಟೋ ಕಾಲ ಆಗಿದೆ, ಅಳಿಯ ಕೆನಡಾದಲ್ಲಿ. ಹೆಂಡತಿ ಕೌಂಟರಿನ ಎದುರು ನಿಂತಿದ್ದಾಳೆ. ನಾಮಿನಿ ಅಂದರೆ ಹಣದ ಒಡೆಯ ಅಲ್ಲ, ಹಣ ಪಡೆದು ವಾರಸುದಾರರಿಗೆ ಮುಟ್ಟಿಸುವವನು ಅಂತ ಕಾನೂನು ಹೇಳುತ್ತದೆ. ಆದರೆ ಆ ಹೊತ್ತಿಗೆ ಹೆಂಡತಿಗೆ ಕಾನೂನು ಕೇಳಿಸುವುದಿಲ್ಲ, ಬೇರೆಯವರ ಹೆಸರು ಮಾತ್ರ ಕಾಣುತ್ತದೆ. 2025ರ ನವೆಂಬರ್ 1ರಿಂದ ನಾಲ್ಕು ಮಂದಿಯವರೆಗೆ ನಾಮಿನಿ ಹಾಕಬಹುದು. ಇಲ್ಲಿರುವ ಗಂಡಸರು ಮನೆಗೆ ಹೋಗಿ ಪಾಸ್‌ಬುಕ್ಕಿನ ಮೊದಲ ಪುಟ ತೆರೆದು ನೋಡಿ. ನಗಬೇಡಿ, ನಿಜವಾಗಿ ನೋಡಿ.

ಪಾಸ್‌ಬುಕ್ಕಿನ ಒಳಪುಟದಲ್ಲಿ ಇನ್ನೊಂದು ಹುಡುಕಿ. ಮೇ ಕೊನೆ, ಜೂನ್ ಶುರುವಿನ ಹೊತ್ತಿಗೆ 436 ರೂಪಾಯಿ ಕಟ್ ಆದ ಸಾಲು ಇದ್ದರೆ ಅದು ಜೀವನ ಜ್ಯೋತಿ ವಿಮೆ. ಎರಡು ಲಕ್ಷ ಬರುತ್ತದೆ. 20 ರೂಪಾಯಿ ಇದ್ದರೆ ಅಪಘಾತ ವಿಮೆ. 55ರೊಳಗಿನ ಮಗ, ಸೊಸೆ ತೀರಿದ ಮನೆಗಳಲ್ಲಿ ಇದನ್ನು ನೋಡಲೇಬೇಕು. ಮನೆಯವರಿಗೆ ಗೊತ್ತೇ ಇಲ್ಲದೆ ಬಿಟ್ಟುಹೋದದ್ದು ನಾನೇ ಕಂಡಿದ್ದೇನೆ.

ಇಷ್ಟನ್ನೂ ಒಂದೇ ವಾರದಲ್ಲಿ ಮಾಡಲಿಕ್ಕೆ ಹೋಗಬೇಡಿ. ನೋಂದಣಿ ಬಿಟ್ಟರೆ ಹೆಚ್ಚಿನದ್ದಕ್ಕೆ ಅಷ್ಟು ಅವಸರ ಇಲ್ಲ. ಒಂದು ದಿನ ಒಂದು ಕಚೇರಿ. ಹೋಗುವಾಗ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಬರುವಾಗ ಹೋಟೆಲಿಗೆ ಹೋಗಿ ಒಂದು ಬನ್ಸ್ ತಿಂದು ಕಾಫಿ ಕುಡಿಯಿರಿ. ಬೆಳಿಗ್ಗೆಯಿಂದ ಊಟ ಮಾಡದೆ ಕಚೇರಿಯ ಬೆಂಚಿನಲ್ಲಿ ತಲೆ ಸುತ್ತಿ ಬಿದ್ದವರು ಉಂಟು.

ಕಾಗದವೇ ಸಿಗದ ಮನೆಗಳೂ ಉಂಟು, ಅದನ್ನು ಹೇಳದೆ ಉಡುಪಿಯಲ್ಲಿ ಈ ಮಾತು ಮುಗಿಯುವುದಿಲ್ಲ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟ್ ನಾಪತ್ತೆಯಾಯಿತು, ಅದರಲ್ಲಿ ಏಳು ಮಂದಿ ಮೀನುಗಾರರಿದ್ದರು. ಬೋಟಿನ ಅವಶೇಷ ಮಹಾರಾಷ್ಟ್ರದ ಕಡಲಲ್ಲಿ ನೌಕಾಪಡೆಗೆ ಸಿಕ್ಕಿದ್ದು ಮರುವರ್ಷ ಮೇ ತಿಂಗಳಲ್ಲಿ. ಅಷ್ಟು ತಿಂಗಳು ಆ ಮನೆಯವರು ಏನಂತ ಇರಬೇಕಿತ್ತು? ದೇಹ ಸಿಗದಿದ್ದರೆ, ಏಳು ವರ್ಷ ಸುದ್ದಿ ಇಲ್ಲ ಅಂತ ಆದ ಮೇಲೆ ಮಾತ್ರ ತೀರಿಕೊಂಡಿದ್ದಾರೆ ಅಂತ ಭಾವಿಸಬಹುದು, ಇದು ಕಾನೂನಿನ ಸಾಮಾನ್ಯ ನಿಯಮ. ಕ್ರಿಯೆ ಮಾಡಿದರೆ ನಾವೇ ಕೊಂದ ಹಾಗೆ, ಮಾಡದಿದ್ದರೆ ಆತ್ಮಕ್ಕೆ ಗತಿ ಇಲ್ಲ ಅನ್ನುವ ಸಂಕಟ. ಇಂಥವರಿಗೆ "ಧೈರ್ಯ ತಂದುಕೊಳ್ಳಿ" ಅನ್ನುವುದಕ್ಕೆ ನನಗೆ ಬಾಯಿ ಬರುವುದಿಲ್ಲ. ಅವರ ಮನೆಯ ಸಾಲದ ಕಂತು, ಮಕ್ಕಳ ಫೀಸು ಯಾರಾದರೂ ನೋಡಿಕೊಂಡರೆ ಅದೇ ದೊಡ್ಡದು.

ಈಗ ಗೌಜಿಯ ವಿಷಯ. ಸಾವಾದ ವರ್ಷ ಹಬ್ಬ ಇಲ್ಲ, ಕೋಲಕ್ಕೆ ಹೋಗುವ ಹಾಗಿಲ್ಲ, ಮದುವೆ ಮನೆಯಲ್ಲಿ ಮುಂದೆ ಕೂರುವ ಹಾಗಿಲ್ಲ. ಮೊದಲ ಕೆಲವು ವಾರ ಇದು ಆಸರೆ ಅಂತ ಆಗಲೇ ಹೇಳಿದೆ. ಆದರೆ ವರ್ಷ ಪೂರ್ತಿ ಒಬ್ಬ ಹೆಂಗಸನ್ನು ಮನೆಯಲ್ಲಿ ಕೂರಿಸುವುದು ಆಸರೆ ಅಲ್ಲ, ಶಿಕ್ಷೆ. ಹೆಂಗಸು ಅಂತ ಬೇಕೆಂದೇ ಹೇಳಿದೆ. ಹೆಂಡತಿ ತೀರಿದ ಗಂಡಸು ಮೂರನೇ ತಿಂಗಳಿಗೆ ಕಂಬಳದ ಗದ್ದೆಯ ಬದಿಯಲ್ಲಿ ನಿಂತರೆ "ಪಾಪ, ಮನಸ್ಸಿಗೆ ಬೇಕಲ್ಲ" ಅನ್ನುತ್ತೇವೆ. ಅದೇ ಹೆಂಗಸು ಪಕ್ಕದ ಬಯಲಿನ ಯಕ್ಷಗಾನ ಆಟಕ್ಕೆ ಹೋದರೆ ಕಣ್ಣು ಬಿಡುತ್ತೇವೆ. ಹೌದಾ ಅಲ್ವಾ?

ನಿವೃತ್ತಿ ಆದ ಮೇಲೆ ಓದಿದ್ದರಲ್ಲಿ ನನಗೆ ಹಿಡಿಸಿದ್ದು ನೆದರ್ಲೆಂಡ್ಸಿನ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ ಅನ್ನುವವರು 1999ರಲ್ಲಿ ಹೇಳಿದ ಮಾತು. ವಾಟ್ಸಾಪಿನಲ್ಲಿ ದುಃಖದ ಐದು ಹಂತ ಅಂತ ಬರುತ್ತದಲ್ಲ, ಅದು ಎಲಿಸಬೆತ್ ಕೂಬ್ಲರ್ ರಾಸ್ 1969ರಲ್ಲಿ ಸಾವಿನ ಅಂಚಿನಲ್ಲಿದ್ದ ರೋಗಿಗಳನ್ನು ನೋಡಿ ಬರೆದದ್ದು. ಉಳಿದವರಿಗೆ ಅದನ್ನು ಅಂಟಿಸಿದ್ದು ಆಮೇಲೆ. ಸ್ಟ್ರೋಬೆ, ಶುಟ್ ಹಂತದ ಲೆಕ್ಕ ಹಾಕಲಿಲ್ಲ. ದುಃಖದಲ್ಲಿರುವವರು ಎರಡು ಕಡೆ ಓಡಾಡುತ್ತಿರುತ್ತಾರೆ ಅಂದರು. ಸ್ವಲ್ಪ ಹೊತ್ತು ಹೋದವರ ನೆನಪಿನ ಕಡೆ, ಸ್ವಲ್ಪ ಹೊತ್ತು ಪಂಪು, ಗ್ಯಾಸ್, ಬ್ಯಾಂಕಿನ ಕಡೆ. ನಮ್ಮ ಕಡಲ ಬದಿಯ ಗಾಳಿ ಬೆಳಿಗ್ಗೆ ಗುಡ್ಡದಿಂದ, ಮಧ್ಯಾಹ್ನದ ಮೇಲೆ ಕಡಲಿಂದ ಬೀಸುವ ಹಾಗೆ. ಎರಡೂ ಬೇಕು. ಇಡೀ ದಿನ ಫೋಟೋದ ಎದುರು ಕೂತರೂ ಆಗುವುದಿಲ್ಲ, ಇಡೀ ದಿನ ಕಚೇರಿ ಅಲೆದರೂ ಆಗುವುದಿಲ್ಲ. ಮಧ್ಯೆ ಎರಡೂ ಬಿಟ್ಟು ಕ್ರಿಕೆಟ್ ನೋಡಿದರೆ, ಮಟ್ಟುಗುಳ್ಳದ ಸಾಂಬಾರು ರುಚಿ ಅನ್ನಿಸಿದರೆ, ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಅಮ್ಮ, ತಂಗಿ ಹೋದ ಆ ವರ್ಷದ ಮಾಘದಲ್ಲಿ, ಪಕ್ಕದ ಮನೆಯ ಹರಕೆ ಆಟಕ್ಕೆ ಹೋಗುತ್ತೇನೆ ಅಂದರು. ಕುರ್ಚಿ ಹಾಕಿಸಿ, ಶಾಲು ಹೊದೆಸಿ ಕೂರಿಸಿದೆವು. ಹಾಸ್ಯಗಾರನ ಮಾತಿಗೆ ಜೋರಾಗಿ ನಕ್ಕರು. ಬಂದ ನೆಂಟರೊಬ್ಬರು ನನ್ನ ಮುಖ ನೋಡಿದರು. ನಾನು ಅವರಿಗೆ ಚಹಾ ಕೊಟ್ಟೆ.

ಎಲ್ಲವೂ ಹೀಗೆ ಸರಿಹೋಗುವುದಿಲ್ಲ, ಅದೂ ಗೊತ್ತು. ಆರು ತಿಂಗಳು ದಾಟಿದರೂ ಊಟ, ನಿದ್ದೆ, ಕೆಲಸ ಯಾವುದೂ ಹಳಿಗೆ ಬಾರದೆ, ಹೋದವರ ಹಂಬಲ ಒಂದು ಚೂರೂ ಕಡಿಮೆ ಆಗದಿದ್ದರೆ ವಿಶ್ವ ಆರೋಗ್ಯ ಸಂಸ್ಥೆ ಈಗ ಅದನ್ನು ಚಿಕಿತ್ಸೆ ಬೇಕಾದ ತೊಂದರೆ ಅಂತ ಗುರುತಿಸುತ್ತದೆ. ಗಂಡಸರಲ್ಲಿ ಇದು ಸಂಜೆಯ ಬಾಟಲಿಯಾಗಿ ಕಾಣುತ್ತದೆ, ಅದನ್ನು ನಾವು ದುಃಖ ಅಂತ ಗುರುತಿಸುವುದೇ ಇಲ್ಲ. ಬದುಕೇ ಬೇಡ ಅನ್ನುವ ಮಾತು ಬಂದರಂತೂ ಆರು ತಿಂಗಳು ಕಾಯುವ ಪ್ರಶ್ನೆ ಇಲ್ಲ. ಟೆಲಿ ಮಾನಸ್ ಅಂತ ಸರಕಾರದ ಫೋನ್ ಸೇವೆ ಉಂಟು, 14416. 2022ರಲ್ಲಿ ಶುರುವಾದದ್ದು. ದುಡ್ಡಿಲ್ಲ, ದಿನದ ಯಾವ ಹೊತ್ತಿಗೂ ಮಾಡಬಹುದು, ಕನ್ನಡದಲ್ಲಿ ಮಾತಾಡಬಹುದು.

ಒಂಟಿ ಮುದುಕರ ವಿಷಯದಲ್ಲಿ ನನಗೆ ಮನೆಮನೆಗೆ ಬಂದು ದಿನದ ಸಣ್ಣ ಉಳಿತಾಯ ಒಟ್ಟು ಮಾಡುತ್ತಿದ್ದ ಹಳೇ ಪಿಗ್ಮಿಯವರ ನೆನಪಾಗುತ್ತದೆ. 1928ರಲ್ಲಿ ಉಡುಪಿಯಲ್ಲೇ ಹುಟ್ಟಿದ ಪದ್ಧತಿ ಅದು, ದಿನಕ್ಕೆ ಎರಡಾಣೆಯಿಂದ. ಪಿಗ್ಮಿಯವರು ದಿನಾ ಬಾಗಿಲಿಗೆ ಬರುತ್ತಿದ್ದರು. ಯಾವ ಅಜ್ಜಿ ಎರಡು ದಿನದಿಂದ ಬಾಗಿಲು ತೆಗೆಯಲಿಲ್ಲ, ಯಾರ ಮನೆಯಲ್ಲಿ ಅಡುಗೆ ಆದ ಹಾಗಿಲ್ಲ, ಎಲ್ಲ ಶಾಖೆಗೆ ಬಂದು ಹೇಳುತ್ತಿದ್ದರು. ಈಗ ಎಲ್ಲ ಮೊಬೈಲಿನಲ್ಲೇ. ಹಾಲಿನವರು, ಮೀನಿನವರು, ಪೇಪರಿನ ಹುಡುಗ, ದಿನಾ ಬಾಗಿಲಿಗೆ ಬರುವ ಒಬ್ಬರಾದರೂ ಇರಲಿ, ಆ್ಯಪಿನಲ್ಲಿ ಹತ್ತು ರೂಪಾಯಿ ಕಮ್ಮಿ ಸಿಕ್ಕರೂ ಅವರನ್ನು ಬಿಡಬೇಡಿ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ತೀರಿಹೋದವರ ಬಟ್ಟೆ ಏನು ಮಾಡುವುದು ಅಂತ ಒಬ್ಬರು. ನನಗೆ ಗೊತ್ತಿರುವ ಕ್ರಮ, ಒಂದೆರಡು ಇಟ್ಟುಕೊಂಡು ಉಳಿದದ್ದನ್ನು ಬೇರೆಯವರ ಕೈಯಲ್ಲಿ ಕೊಡಿಸುವುದು. ನಾವೇ ಮಡಚಿ ಕಟ್ಟಲಿಕ್ಕೆ ಹೋದರೆ ಕೆಲಸ ಮುಗಿಯುವುದಿಲ್ಲ. ವರ್ಷದೊಳಗೆ ಮಗಳ ಮದುವೆ ಮಾಡಬಹುದಾ ಅಂತ ಇನ್ನೊಬ್ಬರು. ಅದನ್ನು ನಿಮ್ಮ ಮನೆಯ ಹಿರಿಯರೇ ಹೇಳಬೇಕು, ಬ್ಯಾಂಕಿನವರು ಹೇಳಲಿಕ್ಕೆ ಆಗುವುದಿಲ್ಲ ಅಂದೆ. ಎಲ್ಲರೂ ನಕ್ಕರು.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬರು ಹಿರಿಯರು ಎದ್ದು ನಿಂತರು. "ಮೇಡಂ, ನಾಮಿನಿ ಬದಲು ಮಾಡಲಿಕ್ಕೆ ಎಷ್ಟು ಖರ್ಚು?" ಪಕ್ಕದಲ್ಲಿ ಅವರ ಹೆಂಡತಿ ಕೂತಿದ್ದರು.

ಖರ್ಚು ಏನೂ ಇಲ್ಲ, ಒಂದು ಫಾರ್ಮ್ ಅಷ್ಟೇ, ಪಾಸ್‌ಬುಕ್ ಹಿಡಿದುಕೊಂಡು ಹೋಗಿ ಅಂದೆ.

"ಹಾಗಾದ್ರೆ ನಾಳೆಯೇ ಹೋಗ್ತೇನೆ."

ನಾಳೆ ಎರಡನೇ ಶನಿವಾರ, ಬ್ಯಾಂಕಿಗೆ ರಜೆ. ಸೋಮವಾರ ಹನ್ನೊಂದರ ಮೇಲೆ ಹೋಗಿ, ರಶ್ ಕಡಿಮೆ ಇರುತ್ತದೆ. ಪೆನ್ನು ನಿಮ್ಮದೇ ತೆಗೆದುಕೊಂಡು ಹೋಗಿ.